ನೀರು ಕುಡಿಯದ ಹಗಲುಗಳು

1998ರಲ್ಲಿ ಕುಕನೂರಿನ ಆಚೆಗಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ನನ್ನ ಮೊದಲ ನೇಮಕವಾಯಿತು. ಗಂಡನ ಮನೆ ಕೊಪ್ಪಳದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಮರಳಿ ಬರುವಾಗ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಶಾಲೆಯೆಂದರೆ ಎರಡು ಕೋಣೆ, ಮುಂದೊಂದು ಪಡಸಾಲೆ. ಸುತ್ತ ಗೋಡೆಯಿಲ್ಲ. ಹೆಡ್‌ಮಾಸ್ತರು, ಇನ್ನೊಬ್ಬ ಮಾಸ್ತರು ಮತ್ತು ನಾನು, ಇಷ್ಟೇ ಜನ. ಅವರಿಬ್ಬರೂ ಬೇಕೆನಿಸಿದಾಗ ಬೇವಿನ ಮರದ ಹಿಂದೆ ಹೋಗಿ ಬರುತ್ತಿದ್ದರು. ನನಗೆ ಹೋಗಲು ಜಾಗವಿರಲಿಲ್ಲ.

ಹಿಂಗಾರಿ ಜೋಳ ಆಳೆತ್ತರ ನಿಂತ ತಿಂಗಳುಗಳಲ್ಲಿ ಹೇಗೋ ನಡೆಯುತ್ತಿತ್ತು. ಶಾಲೆಯ ಹಿಂದಿನ ಹೊಲದೊಳಗೆ ಸ್ವಲ್ಪ ನಡೆದರೆ ಯಾರಿಗೂ ಕಾಣುತ್ತಿರಲಿಲ್ಲ. ಜೋಳ ಕೊಯ್ದರೆಂದರೆ ಮುಗಿಯಿತು. ಕರಿನೆಲ ಕಣ್ಣು ಹಾಯುವವರೆಗೂ ಬಯಲು, ದೂರದಲ್ಲಿ ಹೋಗುವ ಆಡೂ ಕಾಣಿಸುವಂಥ ಬಯಲು. ಬಿಸಿಲು ಏರುವುದೂ ಅದೇ ಕಾಲಕ್ಕೆ.

ನಾನು ನೀರು ಕುಡಿಯುವುದನ್ನೇ ಬಿಟ್ಟೆ. ಬೆಳಿಗ್ಗೆ ಅರ್ಧ ಕಪ್ಪು ಚಹಾ. ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಗಂಟಲಿಗಿಳಿಯಲೆಂದು ಒಂದೇ ಗುಟುಕು. ಮಕ್ಕಳು ಕೊಡದಿಂದ ತುಂಬಿ ತಂದ ತಂಬಿಗೆಯನ್ನು ಮುಂದೆ ಹಿಡಿದರೆ "ನೀರಡಿಕಿ ಇಲ್ಲಪಾ" ಎನ್ನುತ್ತಿದ್ದೆ. ಆದರೂ ಮೂರರ ಹೊತ್ತಿಗೆ ಕೆಳಹೊಟ್ಟೆ ಕಲ್ಲಾಗುತ್ತಿತ್ತು. ಮಗ್ಗಿ ಹೇಳಿಸುತ್ತ ಕಿಟಕಿಯಾಚೆಯ ಬಯಲನ್ನು ನೋಡುತ್ತಿದ್ದೆ. ಬಾಗಿಲಿಲ್ಲದ ಆ ಬಯಲೇ ನನ್ನನ್ನು ಕೂಡಿಹಾಕಿತ್ತು. ಸಂಜೆಯ ಬಸ್ಸು ತಗ್ಗಿನಲ್ಲಿ ಎತ್ತಿಹಾಕಿದಾಗಲೆಲ್ಲ ಹಲ್ಲು ಕಚ್ಚಿ, ಮುಂದಿನ ಸೀಟಿನ ಕಂಬಿ ಹಿಡಿದು ಕೂಡುತ್ತಿದ್ದೆ.

ಎರಡನೆಯ ಬೇಸಿಗೆಗೆ ಉರಿಮೂತ್ರ ಶುರುವಾಯಿತು. ಹೋಗಬೇಕೆಂಬ ಅವಸರ ಭಾಳ, ಹೋದರೆ ನಾಲ್ಕು ಹನಿ, ಆ ಹನಿಗಳಿಗೆ ಬೆಂಕಿಯಂಥ ಉರಿ. ಅತ್ತೆಗೆ ಹೇಳಿದೆ.

"ಉಷ್ಣ ಆಗೇತಿ ತಂಗಿ. ಬಿಸಲಾಗ ಓಡಾಡ್ತಿ, ಮತ್ತೇನಾಕ್ಕೈತಿ?" ಎಂದು ನೆತ್ತಿಗೆ ಹರಳೆಣ್ಣೆ ತಟ್ಟಿದರು, ಕಾಮಕಸ್ತೂರಿ ಬೀಜ ನೆನೆಸಿ ಕುಡಿಸಿದರು. ರಜೆಯ ದಿನ ಮನೆಯಲ್ಲಿದ್ದು ನೀರು ಕುಡಿದದ್ದಕ್ಕೋ ಏನೋ ತಂಪೆನಿಸಿತು. ಶಾಲೆಗೆ ಹೋದ ವಾರದಲ್ಲೇ ಮತ್ತೆ ಉರಿ. ಕುಕನೂರಿನ ಔಷಧಿ ಅಂಗಡಿಯ ಮುಂದೆ ನಿಂತೆ. ಅಂಗಡಿಯವನು "ಏನ್ ಬೇಕ್ರಿ ಅಕ್ಕಾರ?" ಎಂದ. ಹಿಂದೆ ಗಂಡಸರು ನಿಂತಿದ್ದರು. "ಜ್ವರದ ಗುಳಿಗಿ ಕೊಡ್ರಿ" ಎಂದು ತೆಗೆದುಕೊಂಡು ಬಂದೆ.

ಕೆಲವು ದಿನಗಳಲ್ಲಿ ಜ್ವರ ನಿಜವಾಗಿಯೇ ಬಂತು. ನಾಲ್ಕನೆಯ ತರಗತಿಗೆ ಗಣಿತ ಬರೆಯುತ್ತಿದ್ದಾಗ ಕೈಯಲ್ಲಿದ್ದ ಸೀಮೆಸುಣ್ಣ ನಡುಗತೊಡಗಿತು. ಸುಡುವ ಮಧ್ಯಾಹ್ನದಲ್ಲಿ ಹಲ್ಲು ಕಟಕಟಿಸುವ ಚಳಿ. ಬೆನ್ನಿನ ಬಲಮಗ್ಗುಲಿಗೆ, ಪಕ್ಕೆಲುಬಿನ ಕೆಳಗೆ, ಯಾರೋ ಗುದ್ದಿದ ಹಾಗೆ ನೋವು. ಪಡಸಾಲೆಗೆ ಬಂದು ವಾಂತಿ ಮಾಡಿಕೊಂಡೆ. ಹೆಡ್‌ಮಾಸ್ತರು ಟೆಂಪೋ ಹಿಡಿದು ಕೊಪ್ಪಳಕ್ಕೆ ಕಳಿಸಿದರು.

ಆಸ್ಪತ್ರೆಯಲ್ಲಿ ನೋಡಿದವರು ಹೆಣ್ಣು ಡಾಕ್ಟರು, ನನ್ನ ಅವ್ವನ ವಯಸ್ಸಿನವರು. ಮೂತ್ರ ಪರೀಕ್ಷೆಗೆ ಕಳಿಸಿ, ಬೆನ್ನಿಗೆ ಮೆಲ್ಲಗೆ ತಟ್ಟಿದರು. ನಾನು ಚೀರಿದೆ.

"ದಿನಾ ನೀರು ಎಷ್ಟ್ ಕುಡೀತಿ?"

"ಮನ್ಯಾಗ ಕುಡೀತೀನ್ರಿ."

"ಸಾಲ್ಯಾಗ?"

"ಅಲ್ಲಿ ನೀರಡಿಕಿ ಆಗಂಗಿಲ್ರಿ" ಎಂದೆ. ಅವರು ನನ್ನ ಮುಖ ನೋಡಿ, "ಜಾಗಾ ಇಲ್ಲ, ಹೌದಿಲ್ಲೋ?" ಎಂದರು. ನನಗೆ ಅಳು ಬಂತು. ಅಷ್ಟು ದಿನ ಯಾರೂ ಕೇಳದಿದ್ದ ಮಾತು ಅದು.

ಅವರೇ ಬಿಡಿಸಿ ಹೇಳಿದರು. ಹೆಣ್ಣಿನ ಮೂತ್ರದ ದಾರಿ ಗಿಡ್ಡ, ಹೊರಗಿನ ಕ್ರಿಮಿ ಸಲೀಸಾಗಿ ಮೂತ್ರಚೀಲಕ್ಕೆ ಏರುತ್ತದೆ. ನೀರು ಕುಡಿದು ಮೂತ್ರಕ್ಕೆ ಹೋಗುತ್ತಿದ್ದರೆ ಅದು ಕೊಚ್ಚಿಕೊಂಡು ಹೊರಬೀಳುತ್ತದೆ, ಕಟ್ಟಿಹಿಡಿದರೆ ಒಳಗೇ ಬೆಳೆಯುತ್ತದೆ. ಉರಿ, ಮತ್ತೆ ಮತ್ತೆ ಅವಸರ, ಕದಡಿದ ನಾರುವ ಮೂತ್ರ, ಇವು ಕಂಡಾಗಲೇ ತೋರಿಸಬೇಕು. ಚಳಿಜ್ವರ, ಮಗ್ಗುಲು ನೋವು, ವಾಂತಿ ಬಂದರೆ ಅದು ಮೂತ್ರಪಿಂಡಕ್ಕೇ ಏರಿದೆ ಎಂದರ್ಥ, ಒಂದು ದಿನವೂ ಕಾಯಬಾರದು.

"ಉಷ್ಣ ಅಂತ ಮನ್ಯಾಗ ಕುಂದರಬ್ಯಾಡ. ಉರಿ ನಿಂತರೂ ಗುಳಿಗಿ ನಡುವ ಬಿಡಬ್ಯಾಡ. ಎರಡ್ ಮೂರ್ ತಾಸಿಗೊಮ್ಮಿ ಹೋಗಾಕಬೇಕು" ಎಂದರು.

"ಎಲ್ಲಿಗ್ರಿ?" ಎಂದೆ.

ಅವರು ಚೀಟಿ ಬರೆಯುವುದನ್ನು ನಿಲ್ಲಿಸಿ ಕಿಟಕಿಯತ್ತ ನೋಡಿದರು.

ಗುಣವಾಗಿ ಶಾಲೆಗೆ ಮರಳಿದ ಮೇಲೆ ಹೆಡ್‌ಮಾಸ್ತರರಿಗೆ ಹೇಳಲು ಬಾಯಿ ಬರಲು ಒಂದು ವಾರ ಬೇಕಾಯಿತು. "ಸರ್, ಹೆಣ್ಮಕ್ಕಳಿಗೆ ಒಂದು ಮರೆ ಜಾಗಾ ಮಾಡಬೇಕಿತ್ರಿ" ಎಂದೆ. ಅವರ ಕಿವಿ ಕೆಂಪಾದವು. ನೆಲ ನೋಡುತ್ತ, "ಮ್ಯಾಲಿನವರಿಗೆ ಬರದ ಹಾಕ್ತೀನ್ರಿ ಅಕ್ಕಾರ" ಎಂದರು. ಬರೆದೂ ಬರೆದರು. ಅವರು ಕೆಟ್ಟವರಲ್ಲ. ಆದರೆ ಆ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಕಡೆಗೆ ಶಾಲೆಯ ಎದುರಿನ ರೈತರ ಮನೆಗೆ ಹೋದೆ. ಅಂಗಳದಲ್ಲಿ ಅವರ ಬಚ್ಚಲಿತ್ತು, ಮೂರು ಕಡೆ ಕಲ್ಲುಚಪ್ಪಡಿ, ಒಂದು ಕಡೆ ಗೋಣಿಚೀಲದ ಪರದೆ. ಆ ಮನೆಯ ಹೆಂಗಸು ಶೇಂಗಾ ಸುಲಿಯುತ್ತಿದ್ದಳು. ಅವರ ಬಚ್ಚಲಿಗೆ ಬಂದು ಹೋಗಬಹುದೇ ಎಂದು ಕೇಳಿದೆ.

"ಅಯ್ಯ ನಮ್ಮವ್ವ, ಇದನ್ನ ಕೇಳಾಕ ಎರಡ್ ವರ್ಷ ಬೇಕಾತೇನ್ರಿ? ಬರ್ರಿ, ದಿನಾ ಬರ್ರಿ" ಎಂದಳು. ಆಮೇಲೆ ದನಿ ತಗ್ಗಿಸಿ, "ನಿಮಗರ ಸಂಜೀಕ ಮನಿ ಐತ್ರಿ. ನಾವು ಬಯಲಕಡಿಗೆ ಹೋಗಾಕ ಕತ್ತಲಾಗೂ ತನಕಾ ಕಾಯ್ಬೇಕು" ಎಂದಳು.

ಅವಳು ಹೊಲಕ್ಕೆ ಹೋದ ದಿನ ಅಂಗಳದ ಬಾಗಿಲಿಗೆ ಬೀಗ ಇರುತ್ತಿತ್ತು. ಆ ದಿನ ಮತ್ತೆ ಒಣ ಗಂಟಲು. ಉಳಿದ ದಿನ ಹೋಗಿ ಬರುತ್ತಿದ್ದೆ, ಕಟ್ಟೆಯ ಮೇಲೆ ಕೂತ ಗಂಡಸರ ಕಣ್ಣು ಬೆನ್ನಿಗಿರುತ್ತಿದ್ದರೂ.

ಒಂದು ದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು ಬೆಂಚಿನ ಮೇಲೆ ಮಡಚಿಕೊಂಡು ಕೂತಿದ್ದಳು. ಆ ಕೂಡುವ ರೀತಿ ನನಗೆ ಗೊತ್ತಿತ್ತು. ಹೊರಗೆ ಕರೆದು ಕಿವಿಯಲ್ಲಿ ಕೇಳಿದೆ: "ಉರೀತೈತೇನ?"

ತಲೆ ಆಡಿಸಿದಳು. "ಅವ್ವಗ ಹೇಳಬ್ಯಾಡ್ರಿ. ಸಾಲಿ ಬಿಡಸ್ತಾರ."

ಎದುರುಮನೆಗೆ ಕರೆದುಕೊಂಡು ಹೋದೆ. ಸಂಜೆ ಅವಳ ತಾಯಿಯನ್ನು ಕಂಡು, ಡಾಕ್ಟರು ನನಗೆ ಹೇಳಿದ್ದನ್ನೆಲ್ಲ ಹೇಳಿದೆ. ತಾಯಿ ಕೇಳಿಸಿಕೊಂಡು, "ನೀರ್ ಕುಡಿ ಅಂತ ಹೇಳ್ಬಹುದ್ರಿ ಅಕ್ಕಾರ. ಕುಡದ ಮ್ಯಾಲ ಎಲ್ಲಿ ಕಳಸ್ಲಿ?" ಎಂದಳು. ನಾನು ಡಾಕ್ಟರಿಗೆ ಕೇಳಿದ ಪ್ರಶ್ನೆ ಅದು. ಮರುದಿನ ಆ ತಾಯಿ ಮಗಳನ್ನು ಕುಕನೂರಿನ ಆಸ್ಪತ್ರೆಗೆ ಕರೆದೊಯ್ದಳು. ಗುಳಿಗೆ ಮುಗಿಯುವವರೆಗೂ ಹುಡುಗಿ ಶಾಲೆಗೆ ಬರಲಿಲ್ಲ. ಆಮೇಲೆ ಬಂದಳು. ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಜೊತೆ ಇನ್ನೂ ಕೆಲವು ಹುಡುಗಿಯರು ಎದುರುಮನೆಗೆ ಬರತೊಡಗಿದರು. ಒಬ್ಬೊಬ್ಬರು ಒಳಗೆ ಹೋದಾಗ ಉಳಿದವರು ಪರದೆ ಹಿಡಿದು ನಿಲ್ಲುತ್ತಿದ್ದರು.

ಆ ಊರಲ್ಲಿದ್ದ ವರ್ಷಗಳಲ್ಲಿ ನನಗೆ ಅದೇ ಸೋಂಕು ಇನ್ನೂ ಎರಡು ಸಲ ಬಂತು. ಎರಡೂ ಸಲ ಉರಿ ಶುರುವಾದ ದಿನವೇ ತೋರಿಸಿದ್ದರಿಂದ ಮೂತ್ರಪಿಂಡಕ್ಕೆ ಏರಲಿಲ್ಲ. ನನಗೆ ವರ್ಗವಾಗುವ ಹಿಂದಿನ ವರ್ಷ ಶಾಲೆಯ ಹಿಂದೆ ಶೌಚಾಲಯ ಕಟ್ಟಿದರು. ತಗಡಿನ ಬಾಗಿಲು, ಸುಣ್ಣ ಹೊಡೆದ ಗೋಡೆ. ನೀರಿನ ನಳ ಮಾತ್ರ ಬರಲಿಲ್ಲ. ಗಲೀಜಾಗುತ್ತದೆಂದು ಅದಕ್ಕೆ ಬೀಗ ಹಾಕಿದರು. ನಾನು ಊರು ಬಿಡುವ ದಿನವೂ ಬೀಗ ಹಾಗೆಯೇ ಇತ್ತು, ಹುಡುಗಿಯರು ಎದುರುಮನೆಯತ್ತ ನಡೆದಿದ್ದರು.