ಜೀಪು ಕುಡಿದ ಬಾಣಂತಿ ನೀರು

ಬೆಳಿಗ್ಗೆ ನಮ್ಮ ಬೀದಿಗೆ ಸಾಣೆ ಹಿಡಿಯುವವನು ಬಂದಿದ್ದ. ಈಳಿಗೆಯಿಂದ ಕಿಡಿ ಹಾರಿ ಸುಟ್ಟ ಕಬ್ಬಿಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಪಾವಗಡದ ಆಚೆಯ ಗಣಿ ಕ್ಯಾಂಪಿನಲ್ಲಿದ್ದೆ. ಐವತ್ತರ ದಶಕದ ಕೊನೆಯ ಮಾತು. ಸಾಣೆಗೆ ಬೇಕಾದ ಕುರುಂದದ ಕಲ್ಲನ್ನು ಅಲ್ಲಿ ಅಗೆಯುತ್ತಿದ್ದರು. ನಮ್ಮವರು ಹಾಜರಿ ಗುಮಾಸ್ತರು; ನಾನು ತೋವಿನಕೆರೆಯಿಂದ ಬಂದ ಹೊಸ ಹೆಂಡತಿ.

ಅದನ್ನು ಊರು ಎನ್ನಲು ನನಗೆ ವರ್ಷವೇ ಹಿಡಿಯಿತು. ತಗಡಿನ ಮನೆಗಳ ಒಂದು ಸಾಲು, ಸುತ್ತ ಜಾಲಿ, ಉಳಿದದ್ದೆಲ್ಲ ಬಿಸಿಲು. ನೀರು ದೂರದ ಬಾವಿಯಿಂದ ಪೀಪಾಯಿ ಗಾಡಿಯಲ್ಲಿ ಬರಬೇಕು. ಬಂದ ಹೊಸದರಲ್ಲಿ ನಾನು ಧಾರಾಳವಾಗಿ ಹೊಸಿಲು ತೊಳೆದಾಗ ಎದುರು ಮನೆಯ ಜೈನಾಬಿ ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದೆ. ಸಿರಾ ಕಡೆಯವಳು, ಉಳಿ ಹದ ಮಾಡುವ ಕಮ್ಮಾರನ ಹೆಂಡತಿ. ನಾವು ಮಿಂದ ನೀರು ಕೂಡ ಚರಂಡಿ ಕಾಣದೆ ಅವಳ ಗಂಡನ ಕುಲುಮೆ ತೊಟ್ಟಿಗೇ ಹೋಗುತ್ತಿತ್ತು.

ಆ ಸಾಲಿನಲ್ಲಿ ಒಂದು ಪದ್ಧತಿ. ಬಸುರಿಗೆ ದಿನ ಹತ್ತಿರವಾದರೆ ಅವಳ ಜಗಲಿಯಲ್ಲಿ ಒಂದು ಹಂಡೆ ನೀರಿಗೆ ಬಟ್ಟೆ ಕಟ್ಟಿ ಇಡುತ್ತಿದ್ದರು. ಅದು ಬಾಣಂತಿ ನೀರು, ಯಾರೂ ಮುಟ್ಟುವಂತಿಲ್ಲ. ನಮ್ಮವರಿಗೆ ಇಂಥದ್ದೆಲ್ಲ ತಲೆಗೆ ಹೋಗುತ್ತಿರಲಿಲ್ಲ. ನನಗೆ ತಿಂಗಳು ತುಂಬಿ ನಮ್ಮ ಜಗಲಿಗೂ ಹಂಡೆ ಬಂದಿತ್ತು. ಒಂದು ಬೆಳಿಗ್ಗೆ ಗಣಿಯ ಧಣಿಯ ಜೀಪು ಎಂಜಿನ್ ಕಾದು ನಮ್ಮ ಮನೆ ಮುಂದೆಯೇ ನಿಂತಾಗ, ಆ ಹಂಡೆಯಿಂದ ಮೊಗೆಮೊಗೆದು ರೇಡಿಯೇಟರಿಗೆ ಸುರಿದರು. ಉಳಿದದ್ದರಲ್ಲಿ ಧಣಿ ಮುಖ, ಕಾಲು ತೊಳೆದುಕೊಂಡರು. ನಮ್ಮವರು ಬಟ್ಟೆಯನ್ನು ಮತ್ತೆ ಒಪ್ಪವಾಗಿ ಕಟ್ಟಿಟ್ಟರು.

ಹೆರಿಗೆಗೆ ಕರೆದೊಯ್ಯಲು ಅಮ್ಮ ತೋವಿನಕೆರೆಯಿಂದ ಬಂದಿದ್ದರು. ಹೊರಡುವ ಮೊದಲೇ, ಅದೇ ಮಧ್ಯಾಹ್ನ ನನಗೆ ನೋವು ಶುರುವಾಯಿತು. ನೀರಿನ ಗಾಡಿ ಮರುದಿನ ಬರಬೇಕು. ಅಮ್ಮ ಹಂಡೆಯ ಬಟ್ಟೆ ಬಿಚ್ಚಿ ನೋಡಿದರು.

"ನೀರೆಲ್ಲಿ, ಅಳಿಯಂದ್ರೇ?"

"ಜೀಪಿಗೆ ಹಾಕ್ದೆ."

"ಹೆರೋದು ಜೀಪಾ?"

ಈಗ ನಗು ಬರುತ್ತದೆ. ಆಗ, ಕೂಸು ಉಳಿದೀತೇ ಎಂದು ಜೀವ ಬಾಯಿಗೆ ಬಂದಿತ್ತು. ಜೈನಾಬಿ ಇಣುಕಿ ನೋಡಿ ಹೋದವಳು ಕುಡಿಯುವ ನೀರಿನ ಬಿಂದಿಗೆಯನ್ನೇ ಹೊತ್ತು ಬಂದಳು. "ಅಳಬ್ಯಾಡ ಕಣಮ್ಮ, ನಮ್ದು ಐತೆ," ಎಂದು ಹಂಡೆಗೆ ಸುರಿದಳು. ಅವಳ ಹಿಂದೆ ಇಡೀ ಸಾಲೇ ಬಂತು. ಕೊನೆಗೆ ಬಂದವಳು ಆ ವಾರವಷ್ಟೇ ಬಂದಿದ್ದ ತೆಲುಗು ಕೂಲಿಯವಳು. ತಂದದ್ದು ಅರ್ಧ ಬಿಂದಿಗೆ. "ಇದೂ ಪೊಯ್ಯಮ್ಮಾ, ಬಿಡ್ಡಕು," ಎಂದಳು, ಕೂಸಿಗೆ ಇದನ್ನೂ ಸುರಿಯಮ್ಮ ಅಂತ. ಅವಳ ಮನೆಯಲ್ಲಿ ಅಷ್ಟೇ ಇದ್ದದ್ದು.

ನಮ್ಮಮ್ಮ ಊರಲ್ಲಾಗಿದ್ದರೆ ಯಾರ ಮನೆಯ ನೀರೆಂದು ಕೇಳದೆ ಮುಟ್ಟುತ್ತಿರಲಿಲ್ಲ. ಅಂದು ಸೆರಗು ಸಿಕ್ಕಿಸಿ, ಅದೇ ನೀರಿಗೆ ಒಲೆ ಹೊತ್ತಿಸಿದರು. ಸಂಜೆಗೆ ಮಗಳು ಹುಟ್ಟಿದಳು.

ನಮ್ಮವರು ಇರುವವರೆಗೂ ಈ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದರು, ಜೀಪೊಂದನ್ನು ಬಿಟ್ಟು. ಇವತ್ತು ಮಗಳಿಗೆ ನಾನು ಅದನ್ನೂ ಸೇರಿಸಿ ಹೇಳಿದೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ, "ಆ ಅರ್ಧ ಬಿಂದಿಗೆಯವಳ ಹೆಸರೇನಮ್ಮಾ?" ಎಂದಳು.

ಧಣಿಯ ಜೀಪು ಕಡುಹಸಿರು, ಅದು ಚೆನ್ನಾಗಿ ನೆನಪಿದೆ. ಹೆಸರಿಗಾಗಿ ಬಹಳ ಹೊತ್ತು ತಡಕಾಡಿದೆ. ವಯಸ್ಸಾಯಿತು, ಮರೆತಿದೆ ಎನ್ನಲು ಬಾಯಿ ತೆರೆದೆ. ಮರೆತದ್ದಲ್ಲ, ನಾನು ಕೇಳಿಯೇ ಇರಲಿಲ್ಲ.