ಮೂರನೆಯ ಹೆಸರು ಕಿಫಾಯಾ

ಬೆಳಗಿನಿಂದ ಚಾಸಿಬ್ ದೋಣಿಯ ತಳಕ್ಕೆ ಡಾಂಬರು ಮೆತ್ತುತ್ತಿದ್ದ. ಮೆತ್ತುವ ಅಗತ್ಯವೇನೂ ಇರಲಿಲ್ಲ, ಹೋದ ವಾರವಷ್ಟೇ ಮೆತ್ತಿ ಒಣಗಿಸಿದ್ದ. ಆದರೂ ಕೈಗೆ ಏನಾದರೊಂದು ಕೆಲಸ ಬೇಕಿತ್ತು. ಕೂತರೆ ಎದ್ದು ಓಡಾಡಬೇಕು ಅನ್ನಿಸುತ್ತಿತ್ತು. ಎದ್ದರೆ, ಜೊಂಡು ಪೇರಿಸಿ ಕಟ್ಟಿದ ಆ ತೇಲುಮನೆಯ ಅಂಗಳ ಹತ್ತು ಹೆಜ್ಜೆಗೆ ಮುಗಿದುಹೋಗುತ್ತಿತ್ತು. ಆಮೇಲೆ ನೀರು.

ಒಲೆಯ ಹತ್ತಿರದಿಂದ ರಸ್ಮಿಯಾ ಕೂಗಿದಳು. "ಚಿಕ್ಕಪ್ಪಾ, ಇನ್ನೊಂದು ಸಲ ಮೆತ್ತಿದ್ರೆ ಆ ದೋಣಿ ಡಾಂಬರಿನ ಭಾರಕ್ಕೇ ಮುಳುಗುತ್ತೆ. ಬಂದು ರೊಟ್ಟಿ ತಿನ್ನು."

"ಹಸಿವಿಲ್ಲ."

"ನಿನ್ನೆನೂ ಇರ್ಲಿಲ್ಲ. ಗಾಳಿ ಕುಡ್ಕೊಂಡಿರೋಕೆ ನೀನೇನು ಹಾವಾ?"

ರಸ್ಮಿಯಾ ಅವನ ಸತ್ತ ಅಣ್ಣನ ಮಗಳು, ಹದಿನಾರರ ಹುಡುಗಿ. ಅವಳಿಗೆ ವಿಷಯ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದ ಹಾಗೆ ಇದ್ದಳು. ಎರಡು ದಿನದ ಹಿಂದೆ ತಮ್ಮ ಮನೆತನದ ಹಿರಿಯ ಖಯ್ಯೂನ್ ಬಂದು ಹೋದಾಗ ಅವಳು ಎಮ್ಮೆಗಳಿಗೆ ಮೇವು ತರಲು ಹೋಗಿದ್ದಳು.

ನಡೆದದ್ದು ಇಷ್ಟು. ಚಾಸಿಬನ ದೊಡ್ಡಪ್ಪನ ಮಗ ದಾಖಿಲ್ ಎಮ್ಮೆ ಮೇಯಿಸುವ ಜಾಗದ ಜಗಳದಲ್ಲಿ ಹುಮೂದ್ ಮನೆತನದ ರಹೀಮ್ ಎಂಬವನನ್ನು ಗುಂಡಿಟ್ಟು ಕೊಂದು ಗಡಿಯಾಚೆ ಓಡಿಹೋಗಿದ್ದ. ರಕ್ತಕ್ಕೆ ರಕ್ತ ಬೇಡವೆಂದು, ಪ್ರವಾದಿಯ ವಂಶದವರೆಂದು ಎರಡೂ ಕಡೆಯವರು ಮನ್ನಿಸುವ ಸಯ್ಯದ್ ನೂರ್ ನಡುವೆ ಬಂದು ರಾಜಿ ಮಾಡಿಸಿದ್ದರು. ಬಾಗ್ದಾದಿನಲ್ಲಿ ರಾಜನಿದ್ದ, ಪೊಲೀಸರಿದ್ದರು. ಜೌಗಿನೊಳಗಿನ ನ್ಯಾಯ ಮಾತ್ರ ಜೌಗಿನೊಳಗೇ ತೀರುತ್ತಿತ್ತು. ಸತ್ತ ಒಬ್ಬ ಗಂಡಸಿಗೆ ಪ್ರತಿಯಾಗಿ ಕೊಂದವನ ರಕ್ತಸಂಬಂಧದಿಂದ ಮೂರು ಹೆಣ್ಣು ಸತ್ತವನ ಮನೆತನಕ್ಕೆ ಹೆಂಡತಿಯರಾಗಿ ಹೋಗಬೇಕು. ಹಾಗೆ ಹೋದ ಹೆಣ್ಣಿಗೆ ತಮಟೆಯಿಲ್ಲ, ಹಾಡಿಲ್ಲ, ಹೊಸ ಬಟ್ಟೆಯಿಲ್ಲ. ಸಾಯುವವರೆಗೂ ಆ ಮನೆಯವರ ಬಾಯಲ್ಲಿ ಅವಳು ಕೊಲೆಯ ಬದಲಿಗೆ ಬಂದವಳು.

ಮೊದಲ ಎರಡು ಹೆಸರು ದಾಖಿಲನ ತಂಗಿಯರದು. ಮೂರನೆಯದನ್ನು ಹೇಳುವ ಮೊದಲು ಖಯ್ಯೂನ್ ಚಹಾದ ಲೋಟವನ್ನು ಎರಡು ಸಲ ತಿರುಗಿಸಿದ್ದ.

"ಕಿಫಾಯಾ," ಅಂದಿದ್ದ.

"ಆ ಹೆಸರಿನವರು ಈ ಮನೇಲಿ ಯಾರೂ ಇಲ್ಲ."

"ಅದು ನಂಗೂ ಗೊತ್ತು, ನಿಂಗೂ ಗೊತ್ತು. ಅವರಿಗೆ ಗೊತ್ತಿಲ್ಲ. ಅವರ ಪೈಕಿ ಮುದುಕಿಯೊಬ್ಬಳು ನಿಮ್ಮಕ್ಕನ ಮದುವೇಗೆ ಬಂದಿದ್ಲಂತೆ. ಆ ಮನೇಲಿ ಕಿಫಾಯಾ ಅಂತ ಒಂದು ಚೂಟಿ ಹುಡುಗಿ ಇತ್ತು, ಬರೀರಿ ಅಂದ್ಲು. ಬರೆದ್ರು."

"ನೀವು ಅಲ್ಲೇ ಹೇಳ್ಬೇಕಿತ್ತು."

"ಹೇಳಿ? ಹಾಗಾದ್ರೆ ಆ ಮನೇಲಿರೋ ಇನ್ನೊಂದು ಹೆಣ್ಣು ಕೊಡಿ ಅಂತಾರೆ." ಖಯ್ಯೂನ್ ಒಲೆಯ ಕಡೆ, ರಸ್ಮಿಯಾಳ ಖಾಲಿ ಚಾಪೆಯ ಕಡೆ ನೋಡಿದ. "ಅದಕ್ಕೇ ಬಾಯಿ ಮುಚ್ಕೊಂಡು ಬಂದೆ. ಸತ್ತವನ ಚಿಕ್ಕಪ್ಪನಿಗೆ ಹೆಂಡತಿ ಇಲ್ಲ, ಐದು ಮಕ್ಕಳಿವೆ. ಅವನಿಗೆ ಎಳೇ ಹುಡುಗಿ ಬೇಕಂತೇನೂ ಇಲ್ಲ. ಗುರುವಾರ ಕೂಡ್ತೀವಿ. ಯೋಚನೆ ಮಾಡು ಮಗಾ. ನಾನು ಬಲವಂತ ಮಾಡಲ್ಲ."

ಬಲವಂತ ಮಾಡಿದ್ದರೆ ಜಗಳವಾಡಬಹುದಿತ್ತು.

ಆರು ಹೆಣ್ಣುಮಕ್ಕಳ ಮೇಲೆ ಏಳನೆಯದೂ ಹೆಣ್ಣಾದಾಗ ಅಪ್ಪ ಇಟ್ಟ ಹೆಸರು ಕಿಫಾಯಾ, ಅಂದರೆ ಸಾಕು. ಆ ಮಗುವಿಗೆ ಬುದ್ಧಿ ಬಂದಾಗಿನಿಂದಲೂ ಹೆಣ್ಣುಮಕ್ಕಳ ಕೂಟದಲ್ಲಿ ಕೂರಲು ಆಗುತ್ತಿರಲಿಲ್ಲ. ಹತ್ತನೇ ವಯಸ್ಸಿನಲ್ಲಿ ಹಚ್ಚೆ ಹಾಕುವವಳು ಬಂದು ಗದ್ದದ ಮೇಲೆ ಮೂರು ನೀಲಿ ಚುಕ್ಕಿ ಚುಚ್ಚಿದ್ದಳು. ನಾಲ್ಕನೆಯದಕ್ಕೆ ಸೂಜಿ ಎತ್ತುವಷ್ಟರಲ್ಲಿ ಮಗು ನೀರಿಗೆ ಹಾರಿ ಈಜಿಕೊಂಡು ಹೋಗಿತ್ತು. ಹದಿಮೂರಕ್ಕೆ ಕೂದಲು ಕತ್ತರಿಸಿಕೊಂಡು, ಅಣ್ಣನ ಹಳೆಯ ಅಂಗಿ ತೊಟ್ಟು, ಐದು ಮೊನೆಯ ಮೀನಿನ ಈಟಿ ಹಿಡಿದು ಅಪ್ಪನ ಮುಂದೆ ನಿಂತಿತು. ಅಪ್ಪ ತುಂಬ ಹೊತ್ತು ನೋಡಿದ. ಕೊನೆಗೆ ಒಳಗಿನಿಂದ ಒಂದು ತಲೆವಸ್ತ್ರವನ್ನೂ ಅದರ ಮೇಲೆ ಸುತ್ತುವ ಕಪ್ಪು ಹುರಿ ಅಗಾಲನ್ನೂ ತಂದುಕೊಟ್ಟು, "ಇಷ್ಟು ಮಾಡಿದ ಮೇಲೆ ಬರಿತಲೇಲಿ ಓಡಾಡ್ಬೇಡ" ಅಂದ. ಚಾಸಿಬ್ ಅನ್ನುವ ಹೆಸರನ್ನೂ ಅವನೇ ಕೊಟ್ಟ. ದುಡಿದು ತರುವವನು ಅಂತ.

ಜೌಗಿನ ಜನಕ್ಕೆ ಇದು ಹೊಸದಲ್ಲ. ಗಂಡಸಿನ ಮನಸ್ಸು ಹೊತ್ತು ಹುಟ್ಟುವ ಹೆಣ್ಣನ್ನು ಅವರು ಮುಸ್ತರ್ಜಿಲ್ ಎನ್ನುತ್ತಾರೆ. ಹೆಂಗಸರು ಕಾಲಿಡದ ಚಾವಡಿಯಲ್ಲಿ ಚಾಸಿಬನಿಗೆ ಜಾಗವಿತ್ತು, ಕಾಫಿಯ ಬಟ್ಟಲು ಸಾಲು ತಪ್ಪದೆ ಅವನ ಕೈಗೂ ಬರುತ್ತಿತ್ತು. ಹತ್ತೊಂಬತ್ತು ವರ್ಷ ಯಾರೂ ಏನೂ ಕೇಳಲಿಲ್ಲ. ಕೇಳಲಿಲ್ಲ ಅಂದಮೇಲೆ ಒಪ್ಪಿದ್ದಾರೆ ಅಂತಲೇ ಅವನು ತಿಳಿದಿದ್ದ. ಈಗ ಅದೇ ಚಾವಡಿಯಲ್ಲಿ ಕೂತು ಖಯ್ಯೂನ್ ಬಾಯಿ ಮುಚ್ಚಿಕೊಂಡಿದ್ದ.

ಮಧ್ಯಾಹ್ನ ಡಾಂಬರಿನ ಪಾತ್ರೆ ಎತ್ತಿಟ್ಟು ಅವನು ಸಬ್ರಿಯಾಳ ಮನೆಗೆ ದೋಣಿ ನೂಕಿದ. ಸಬ್ರಿಯಾ ಹುಟ್ಟಿದ್ದು ಗಂಡಾಗಿ. ಐವತ್ತು ದಾಟಿದರೂ ಕಣ್ಣಿಗೆ ಕಾಡಿಗೆ ತಪ್ಪಿಸದೆ, ಕಪ್ಪು ಸೆರಗು ಹೊದ್ದು, ಹೆಂಗಸರ ನಡುವೆ ಕೂತು ಚಾಪೆ ಹೆಣೆಯುತ್ತಿದ್ದಳು. ಮದುವೆ ಮನೆಯಲ್ಲಿ ಅವಳಿಲ್ಲದೆ ಹಾಡು ಏಳುತ್ತಿರಲಿಲ್ಲ. ಅವಳನ್ನು ಕರೆಯಲು ಊರಿನಲ್ಲಿ ಮುಸ್ತರ್ಜಿಲ್ ಎಂಬಂಥ ಮಾತೂ ಇರಲಿಲ್ಲ, ಬರೀ ಸಬ್ರಿಯಾ.

"ಬಾರಯ್ಯ ಗಂಡಸೇ, ಯಾಕೆ ಮುಖ ಸತ್ತ ಮೀನಿನ ಹಾಗಾಗಿದೆ?" ಅಂದಳು.

ಅವನು ಎಲ್ಲ ಹೇಳಿದ. ಸಬ್ರಿಯಾಳ ಕೈ ಹೆಣೆಯುವುದನ್ನು ನಿಲ್ಲಿಸಲಿಲ್ಲ.

"ನನ್ನನ್ನ ಕಳಿಸಿ," ಅಂದಳು. "ಅಡುಗೆ ಮಾಡ್ತೀನಿ, ಐದು ಮಕ್ಕಳನ್ನೂ ಸಾಕ್ತೀನಿ. ಮುದುಕನಿಗೆ ರಾತ್ರಿ ಒಂದು ಆಶ್ಚರ್ಯ, ಅಷ್ಟೆ."

ಚಾಸಿಬನಿಗೆ ತಡೆಯಲಾರದೆ ನಗು ಬಂತು.

"ನಗ್ತೀಯ. ನೋಡು, ನೀನು ಬೇಡ ಬೇಡ ಅಂದ್ರೂ ಹೆಂಗಸರ ಪಟ್ಟೀಲಿ ನಿನ್ನ ಹೆಸರು ಬರೀತಾರೆ. ನಾನು ಮೂವತ್ತು ವರ್ಷದಿಂದ ಇಲ್ಲೇ ಕೂತಿದೀನಿ, ಯಾವನೂ ನನ್ನ ಯಾವ ಪಟ್ಟೀಲೂ ಬರೆದಿಲ್ಲ. ಯಾರ ಹೊಟ್ಟೆ ಉರೀಬೇಕು, ಹೇಳು." ಅವಳು ಜೊಂಡಿನ ಸೀಳನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು. "ಹೋಗಿ ಅವರ ಕಾಲ ಬುಡಕ್ಕೆ ಅಗಾಲ್ ಹಾಕು."

"ಎತ್ತದೇ ಹೋದ್ರೆ?"

"ಎತ್ತದೇ ಹೋದ್ರೆ ಬಂದು ನನ್ನ ಪಕ್ಕ ಕೂತ್ಕೋ. ಚಾಪೆ ಹೆಣೆಯೋದು ಕಲಿಸ್ತೀನಿ."

ಅವಳು ತಮಾಷೆಗೆ ಹೇಳಿದ್ದಲ್ಲ. ಬೇರೆ ದಾರಿ ಕಾಣದ ಗಂಡಸು ಎದುರಾಳಿಯ ಕಾಲ ಬಳಿ ತನ್ನ ಅಗಾಲ್ ಹಾಕಿ ಬೇಡಬಹುದು. ಎದುರಾಳಿ ಅದನ್ನೆತ್ತಿ ಅವನ ತಲೆಯ ಮೇಲಿಟ್ಟರೆ ಬೇಡಿದ್ದು ಸಿಕ್ಕಂತೆ. ಎತ್ತದಿದ್ದರೆ ಬರಿತಲೆಯಲ್ಲಿ ಹೊರಗೆ ಹೋಗಬೇಕು, ಮತ್ತೆಂದೂ ನಾಲ್ಕು ಜನರೆದುರು ಅದನ್ನು ಧರಿಸುವಂತಿಲ್ಲ. ಬೇರೆ ಗಂಡಸರಿಗೆ ಹೋಗುವುದು ಮಾನ ಮಾತ್ರ. ಚಾಸಿಬನಿಗೆ ಚಾಸಿಬನೇ ಹೋಗುತ್ತಿದ್ದ.

ಗುರುವಾರ ಹುಮೂದ್ ಮನೆತನದ ಚಾವಡಿಯಲ್ಲಿ ಅರವತ್ತು ಗಂಡಸರು ಸೇರಿದ್ದರು. ಸಯ್ಯದ್ ನೂರ್ ನಡುವೆ, ಅವರ ಎದುರು ಸತ್ತ ರಹೀಮನ ತಂದೆ ಜುವೈದ್. ಮಗ ಸತ್ತ ದಿನದಿಂದ ಗಡ್ಡ ಕತ್ತರಿಸಿರಲಿಲ್ಲ. ಬಂದವರ ಮುಂದೆ ಕಾಫಿ ಇಟ್ಟರು. ರಾಜಿ ಆಗುವವರೆಗೆ ಮುಟ್ಟುವಂತಿಲ್ಲವಾದ್ದರಿಂದ ಬಟ್ಟಲುಗಳು ಹಾಗೇ ಆರುತ್ತಿದ್ದವು. ಚಾಸಿಬ್ ತನ್ನ ಕಡೆಯವರ ಸಾಲಿನಲ್ಲಿ ಕೂತ.

ಸಯ್ಯದ್ ನೂರ್ ಮೊದಲ ಹೆಸರು ಓದಿದರು. ಎರಡನೆಯದು ಓದಿದರು. "ಮೂರನೆಯದು ಕಿಫಾಯಾ."

ಚಾಸಿಬ್ ಎದ್ದ. ನಡುವಿನ ಜಾಗ ದಾಟುವಾಗ ಖಯ್ಯೂನ್ ಅವನ ಅಂಗಿಯ ಅಂಚು ಹಿಡಿದದ್ದು, ಬಿಟ್ಟದ್ದು ಎರಡೂ ಗೊತ್ತಾಯಿತು. ಜುವೈದನ ಕಾಲ ಬಳಿ ಬಗ್ಗಿ, ತಲೆಯಿಂದ ಅಗಾಲ್ ತೆಗೆದು ಚಾಪೆಯ ಮೇಲಿಟ್ಟ.

"ಏನು ಬೇಕು ನಿಂಗೆ?" ಅಂದ ಜುವೈದ್.

"ನೀವು ಬರೆಸಿದ ಮೂರನೇ ಹೆಸರು ನಂದೇ. ನಿಮ್ಮ ಮುದುಕಿ ಸುಳ್ಳು ಹೇಳಿಲ್ಲ, ಹುಟ್ಟಿದಾಗ ಹಾಗೇ ಕರೀತಿದ್ರು. ಆ ಹುಡುಗಿ ಈಗಿಲ್ಲ. ಮನೇಲಿ ನನ್ನಣ್ಣನ ಮಗಳು ಒಬ್ಬಳಿದಾಳೆ, ತಂದೆ ಇಲ್ಲದವಳು. ಅವಳನ್ನ ಬಿಟ್ಟುಬಿಡಿ. ನನ್ನ ಮೂರು ಎಮ್ಮೆ ತಗೊಳ್ಳಿ."

ಕ್ಷಣ ಹೊತ್ತು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಜುವೈದನ ಕಡೆಯ ಯುವಕನೊಬ್ಬ ಮುಂದೆ ಬಾಗಿ ಚಾಸಿಬನ ಗದ್ದ ನೋಡಿದ. "ಅಯ್ಯೋ, ಹಚ್ಚೆ ಚುಕ್ಕಿ ನೋಡ್ರೋ! ಅತ್ತೇ, ದಾರಿ ತಪ್ಪಿ ಬಂದ್ರಾ? ಹೆಂಗಸರು ಆ ಕಡೆ ಇದಾರೆ."

ಎರಡು ಸಾಲು ನಕ್ಕವು. ನಗದವರು ನೆಲ ನೋಡಿದರು, ಚಾಸಿಬನ ಕಡೆಯವರೂ ನೆಲವನ್ನೇ ನೋಡಿದರು.

"ಮುಚ್ಚೋ ಬಾಯಿ," ಅಂದ ಜುವೈದ್. "ಸತ್ತಿರೋದು ನನ್ನ ಮಗ, ನಗೋಕೆ ನಿನ್ನ ಕರೆದಿಲ್ಲ." ಅವನು ಅಗಾಲ್ ನೋಡುತ್ತ ಗಡ್ಡ ತೀಡಿಕೊಂಡ. "ನೀನು ಯಾರ ಹೊಟ್ಟೇಲಿ ಏನಾಗಿ ಹುಟ್ಟಿದೆ ಅನ್ನೋದನ್ನ ಕಟ್ಕೊಂಡು ನಂಗೇನು. ನಮ್ಮ ಕಡೆನೂ ನಿನ್ನಂಥವರು ಆಗಿಹೋಗಿದಾರೆ. ನಂಗೆ ಲೆಕ್ಕ ಸರಿಯಾಗ್ಬೇಕು. ರಾಜಿಯ ಮಾತು ಏನು ಸಯ್ಯದ್, ಹೇಳಿ. ಕೊಂದವನ ಕಡೆ ಗಂಡಸರಿಗೆ?"

"ಏಳು ವರ್ಷ ಈ ನೀರು ಬಿಡಬೇಕು," ಅಂದರು ಸಯ್ಯದ್ ನೂರ್.

"ಹೆಂಗಸರಿಗೆ?"

"ಹೆಂಗಸರಿಗೆ ಆ ಕಟ್ಟಿಲ್ಲ."

"ಕೇಳಿಸ್ತಲ್ಲ. ಕಿಫಾಯಾ ಆದ್ರೆ ಈ ನೀರಲ್ಲೇ ಇರು, ನಮ್ಮ ಮನೇಗೆ ಬಾ, ಯಾರೂ ಕೈ ಮಾಡಲ್ಲ. ಗಂಡಸಾದ್ರೆ ಅವರ ಜೊತೆ ಹೋಗು. ಗಂಡಸಿನ ಅಗಾಲ್ ನನ್ನ ಕಾಲ ಹತ್ರ ಇಟ್ಟು, ಮನೇಲಿ ಹೆಂಗಸಿನ ಹಾಗೆ ಕ್ಷೇಮವಾಗಿರ್ತೀನಿ ಅಂದ್ರೆ ಒಪ್ಪಲ್ಲ."

ನೀರು ಬಿಡಬೇಕಾದ ಗಂಡಸರಲ್ಲಿ ಅವನನ್ನು ಯಾರೂ ಎಣಿಸಿರಲಿಲ್ಲ, ಚಾಸಿಬ್ ಕೂಡ ಇದನ್ನು ಯೋಚಿಸಿರಲೇ ಇಲ್ಲ. ಹತ್ತೊಂಬತ್ತು ವರ್ಷ ಜೊಂಡಿನ ಮೇಲೆ ಜೊಂಡು ಹಾಕಿ ಎತ್ತರಿಸಿದ ಅಂಗಳ ಕಣ್ಣ ಮುಂದೆ ಬಂತು. ಏಳು ವರ್ಷ ಯಾರೂ ಜೊಂಡು ಹಾಕದಿದ್ದರೆ ಅದು ನೀರಿಗಿಳಿಯುತ್ತದೆ.

"ಹೋಗ್ತೀನಿ," ಅಂದ.

ಜುವೈದ್ ಬಗ್ಗಿದ. ಅಗಾಲ್ ಎತ್ತಿ ಚಾಸಿಬನ ತಲೆಯ ಮೇಲೆ ಒತ್ತಿಟ್ಟ. ಅದರಲ್ಲಿ ಪ್ರೀತಿಯೇನೂ ಇರಲಿಲ್ಲ. ಹುರಿ ಕಿವಿಗೆ ಉಜ್ಜಿ ನೋವಾಯಿತು. ಎಲ್ಲರೂ ಆರಿದ ಕಾಫಿ ಕುಡಿದರು.

ರಸ್ಮಿಯಾಳಿಗೆ ಹೇಳಿದಾಗ ಅವಳು ಅಳಲಿಲ್ಲ, ಸಿಟ್ಟಿಗೆದ್ದಳು. "ನನ್ನನ್ನ ಒಂದು ಮಾತು ಕೇಳಿದ್ಯಾ? ನೀನು ಅಲ್ಲಿ ನಿನ್ನ ತಲೆ ತೆಗೆದಿಟ್ಟು ಬರ್ತೀಯ, ನಾನಿಲ್ಲಿ ರೊಟ್ಟಿ ತಟ್ಕೊಂಡು ಕೂತಿರ್ಬೇಕಾ?"

"ನೀನು ಇಲ್ಲೇ ಇರಬಹುದು. ಹೆಂಗಸರಿಗೆ ಕಟ್ಟಿಲ್ಲ. ಸಬ್ರಿಯಾ ನೋಡ್ಕೊಳ್ತಾಳೆ."

"ಇರ್ತೀನಿ. ನಿನ್ನ ಅಂಗಿ ಯಾರು ಒಗೀತಾರೆ? ನಿಂಗೆ ಒಗೆಯೋಕೆ ಬರಲ್ಲ, ಗಂಡಸು ನೋಡು." ಬೈಯುತ್ತಲೇ ಅವಳು ಪಾತ್ರೆಗಳನ್ನು ಗಂಟು ಕಟ್ಟಿದಳು.

ಶನಿವಾರ ಬೆಳಿಗ್ಗೆ ದೋಣಿಗಳು ಹೊರಟವು. ದೊಡ್ಡ ಕಾಲುವೆ ಸೇರುವ ಕಡೆ ಹುಮೂದ್ ಮನೆತನದವರು ದಡದಲ್ಲಿ ನಿಂತು ನೀರು ಬಿಡುವ ಗಂಡಸರನ್ನು ಎಣಿಸುತ್ತಿದ್ದರು. ಎಣಿಸುತ್ತಿದ್ದವನು ಅದೇ ಯುವಕ, ಅತ್ತೇ ಎಂದು ಕೂಗಿದವನು.

"ಎಂಟು," ಅಂದ. ಮುಂದಿನ ದೋಣಿಗೆ "ಒಂಬತ್ತು, ಹತ್ತು."

ಚಾಸಿಬನ ದೋಣಿ ಬಂತು. ಅವನು ಗಳ ಊರಿ ನೂಕುತ್ತಿದ್ದ, ಯುವಕನ ಕಡೆ ನೋಡಲಿಲ್ಲ. ಗಳ ಕೆಸರಿಗೆ ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. ದಡದಿಂದ ಮಾತಿಲ್ಲ. ಯುವಕ ಹಿಂದಕ್ಕೆ ತಿರುಗಿ ಜುವೈದನ ಮುಖ ನೋಡಿರಬೇಕು.

"ಹನ್ನೊಂದು."

ಚಾಸಿಬನ ಬೆನ್ನು ಬೆವೆತಿತ್ತು. ಅದೇ ಹೊತ್ತಿಗೆ ಇನ್ನೊಂದು ದೋಣಿ ಎದುರು ದಿಕ್ಕಿಗೆ, ಹುಮೂದ್ ಮನೆತನದ ಊರಿನ ಕಡೆಗೆ ಹಾದುಹೋಯಿತು. ಅದರಲ್ಲಿ ದಾಖಿಲನ ಇಬ್ಬರು ತಂಗಿಯರು ಮುಖ ಮುಚ್ಚಿ ಕೂತಿದ್ದರು. ಚಿಕ್ಕವಳು ಹೋದ ಚಳಿಗಾಲದಲ್ಲಿ ಅವನ ಹತ್ತಿರ ಈಟಿ ಎಸೆಯುವುದನ್ನು ಕಲಿಯುತ್ತೇನೆಂದು ಹಠ ಮಾಡಿದ್ದಳು. ಅವಳಿಗಾಗಿ ಅವನೂ ಬಾಯಿ ಬಿಟ್ಟಿರಲಿಲ್ಲ. ಎರಡು ದೋಣಿಗಳ ಅಲೆ ಒಂದಕ್ಕೊಂದು ತಾಗಿ ಜೊಂಡಿನೊಳಗೆ ಹೋಯಿತು.

"ಎಣಿಸಿದ್ರಲ್ಲ," ಅಂದಳು ರಸ್ಮಿಯಾ, ಮುಂದೆ ಗಂಟುಗಳ ಮೇಲೆ ಕೂತು. "ಈಗ ಎಲ್ಲಿಗೆ?"

ಅವನಿಗೆ ಗೊತ್ತಿರಲಿಲ್ಲ. ತಿರುಗಿ ಆ ದೋಣಿಯ ಕಡೆ ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ಗಳವನ್ನು ಬೇಕಾದ್ದಕ್ಕಿಂತ ಜೋರಾಗಿ ಊರಿದ.