ಲಾವರ್ನ್ ಸ್ಟೆಹ್ಲಿಕ್‌ನ ಆರು ನಿಮಿಷ

ಕಾರ್ಸನ್ ಫೋರ್ಕ್‌ನಲ್ಲಿ ಲಾವರ್ನ್ ಸ್ಟೆಹ್ಲಿಕ್‌ನಂಥ ರೈಲು ಡ್ರೈವರ್ ಹಿಂದೆ ಹುಟ್ಟಿಲ್ಲ, ಇನ್ನೊಬ್ಬ ಹುಟ್ಟುವುದಕ್ಕೆ ಕಂಪನಿ ಬಿಡುವುದೂ ಇಲ್ಲ. ಮೂವತ್ತೆಂಟು ವರ್ಷದ ನೌಕರಿಯಲ್ಲಿ ಅವನು ಕಂಪನಿಗೆ ಒಂದೇ ಒಂದು ನಿಮಿಷವನ್ನೂ ಪುಕ್ಕಟೆ ಕೊಟ್ಟವನಲ್ಲ. ಈ ಮಾತನ್ನು ಅವನೇ ಹೇಳುತ್ತಿದ್ದ, ದಿನಕ್ಕೆರಡು ಸಲ, ಭಾನುವಾರ ಚರ್ಚು ಬಿಟ್ಟ ಮೇಲೆ ಮೂರು ಸಲ. ಒಮ್ಮೆ ಎಂಜಿನ್ನಿನಲ್ಲಿ ಸೀನು ಬಂದು ಏಳು ಸೆಕೆಂಡು ಹೋಯಿತೆಂದೂ, ಅದು ಕಂಪನಿಯ ಧೂಳಿನಿಂದ ಬಂದ ಸೀನೆಂದು ಅರ್ಜಿ ಹಾಕಿ ದುಡ್ಡು ವಸೂಲು ಮಾಡಿದನೆಂದೂ ಜನ ಹೇಳುತ್ತಾರೆ. ಅದು ಸುಳ್ಳು. ಹೋಗಿದ್ದು ಒಂಬತ್ತು ಸೆಕೆಂಡು.

ನಮ್ಮ ಡ್ರೈವರುಗಳಿಗೆ ದಿನವೆಂದರೆ ಸೂರ್ಯ ಹುಟ್ಟಿ ಮುಳುಗುವುದಲ್ಲ; ನೂರು ಮೈಲಿ. ನೌಕರರ ಸಂಘದವರೂ ಕಂಪನಿಯವರೂ ಅಜ್ಜಂದಿರ ಕಾಲದಲ್ಲಿ ಮೇಜು ಗುದ್ದಿ ಮಾಡಿಕೊಂಡ ಒಪ್ಪಂದ ಅದು. ನೂರು ಮೈಲಿ ಓಡಿಸಿದರೆ ಒಂದು ದಿನದ ಸಂಬಳ, ಮೂರೇ ಗಂಟೆಯಲ್ಲಿ ಮುಗಿಸಿದರೂ ಸರಿ. ಎಂಟು ಗಂಟೆಯಲ್ಲಿ ನಿಂತು ನಿಂತು ಹತ್ತು ಮೈಲಿ ತೆವಳಿದರೂ ಅದೇ ಸಂಬಳ, ಕಾಗದದ ಮೇಲೆ ಅದೂ ನೂರು ಮೈಲಿ. ನಮ್ಮೂರಿನಿಂದ ಡ್ರೈ ಬ್ಲಫ್‌ಗೆ ನೂರ ನಲವತ್ತೆಂಟು ಮೈಲಿ. ಒಂದು ಸಲ ಹೋದರೆ ಹೆಚ್ಚುಕಡಿಮೆ ಒಂದೂವರೆ ದಿನದ ಸಂಬಳ ಜೇಬಿಗೆ. ಹೀಗಾಗಿ ಲಾವರ್ನ್ ಲೋಕವನ್ನೆಲ್ಲ ಮೈಲಿಯಲ್ಲೇ ಅಳೆಯುತ್ತಿದ್ದ. ಹೊಸ ಫ್ರಿಜ್ಜು ಏಳುನೂರು ಮೈಲಿ. ಮಗಳ ಮದುವೆ ನಾಲ್ಕು ಸಾವಿರದ ಇನ್ನೂರು, ಬ್ಯಾಂಡಿನವರು ಬೇರೆ. ಹೆಂಡತಿ ಇರ್ಮಾ ಅಂಗಡಿಯಲ್ಲಿ ಹ್ಯಾಟು ನೋಡುತ್ತ ನಿಂತರೆ, ಅದು ಇಪ್ಪತ್ತು ಮೈಲಿ ಕಣೇ, ಹಾಕ್ಕೊಂಡು ಹೋಗೋದು ಮಾತ್ರ ಎದುರುಮನೆ ತನಕ ಎನ್ನುತ್ತಿದ್ದ.

ಒಪ್ಪಂದದ ಪುಸ್ತಕ ಅವನಿಗೆ ಬಾಯಿಪಾಠ. ನಿದ್ದೆಯಲ್ಲಿ ಚಿವುಟಿದರೆ ‘ಅಯ್ಯೋ’ ಅನ್ನುವ ಮೊದಲು ಕಲಮಿನ ಸಂಖ್ಯೆ ಹೇಳುತ್ತಿದ್ದ. ಅದರಲ್ಲಿ ಎಂಥೆಂಥ ಕಲಮುಗಳು! ಡ್ರೈವರನ್ನು ಲಿಖಿತವಾಗಿ ಕಚೇರಿಗೆ ಕರೆಸಿ, ವಿಚಾರಣೆಯಲ್ಲಿ ತಪ್ಪು ಸಿಗದೆ ಹೋದರೆ ಅವನಿಗೆ ಒಂದು ಪೂರ್ತಿ ದಿನದ ಸಂಬಳ ಕೊಡಬೇಕು ಎಂದು ಒಂದು ಕಲಮು. ಅದಕ್ಕೇ ನಮ್ಮ ಸಾಹೇಬರುಗಳು ಬೈಯಬೇಕಾದಾಗ ಕಿಟಕಿಯಲ್ಲೇ ನಿಂತು ಬೈಯುತ್ತಿದ್ದರು. ಇನ್ನೊಂದು, ಹದಿನಾರು ಗಂಟೆಯ ಕಲಮು. ಪರಊರಿಗೆ ಗಾಡಿ ತಂದು ಇಳಿದ ಡ್ರೈವರನ್ನು ಹದಿನಾರು ಗಂಟೆಯೊಳಗೆ ವಾಪಸು ಗಾಡಿಗೆ ಕರೆಯಬೇಕು. ಮೀರಿದರೆ ಮೀರಿದಷ್ಟು ನಿಮಿಷಕ್ಕೂ, ಅವನು ಹಾಸಿಗೆಯಲ್ಲಿ ಬಿದ್ದುಕೊಂಡಿದ್ದರೂ, ಕಂಪನಿ ದುಡ್ಡು ಬಿಚ್ಚಬೇಕು. ಕಂಪನಿಯೇನು ಕಡಿಮೆಯೇ? ಹದಿನೈದು ಗಂಟೆ ಐವತ್ತು ನಿಮಿಷಕ್ಕೆ ಸರಿಯಾಗಿ ಫೋನು ಬಡಿಯುತ್ತಿತ್ತು.

ಲಾವರ್ನ್‌ಗೆ ಒಂದು ಒಳ್ಳೆಯ ಕೋಟಿತ್ತು, ಕಂದು ಉಣ್ಣೆಯದು. ಎಂಜಿನ್ನಿನಿಂದ ಇಳಿದು, ರಿಜಿಸ್ಟರಿನಲ್ಲಿ ಡ್ಯೂಟಿ ಮುಗಿದ ಹೊತ್ತು ಬರೆದು ಸಹಿ ಹಾಕಿದ ಮೇಲೆಯೇ ಅದನ್ನು ತೊಡುತ್ತಿದ್ದ. ಕೋಟು ಮೈಮೇಲೆ ಬಂತೆಂದರೆ ಅವನು ಕಂಪನಿಯ ಆಳಲ್ಲ. ಆಮೇಲೆ ಕಂಪನಿಯ ಕಟ್ಟಡಕ್ಕೆ ಬೆಂಕಿ ಬಿದ್ದರೂ, ಸಿಗರೇಟು ಹಚ್ಚಿಕೊಳ್ಳುವುದಕ್ಕಾಯಿತು ಎಂದು ಮುಂದೆ ಹೋಗುವ ಪೈಕಿ. ಹದಿನಾಲ್ಕು ವರ್ಷದಿಂದ ಆ ಕೋಟು ಎಂಜಿನ್ನಿನ ಮೆಟ್ಟಿಲು ಹತ್ತಿದ್ದಿಲ್ಲ.

ಸೂಪರಿಂಟೆಂಡೆಂಟ್ ಫೆನ್ನರ್ ಸಾಹೇಬರಿಗೂ ಒಂದು ಹೆಮ್ಮೆ ಇತ್ತು. ಅವರ ವಿಭಾಗದಲ್ಲಿ ಮೂರು ವರ್ಷದಿಂದ ಹದಿನಾರನೇ ಗಂಟೆ ಮೀರಿದ್ದೇ ಇಲ್ಲ. ಅದಕ್ಕೆ ದೊಡ್ಡ ಕಚೇರಿಯಿಂದ ಒಂದು ಹಿತ್ತಾಳೆ ಫಲಕ ಬಂದಿತ್ತು. ಸಾಹೇಬರು ಅದನ್ನು ದಿನಾ ಎಷ್ಟು ಉಜ್ಜುತ್ತಿದ್ದರೆಂದರೆ ಅಕ್ಷರ ಸವೆದು, ಈಗ ಅದು ಯಾವುದಕ್ಕೆ ಕೊಟ್ಟ ಫಲಕವೆಂದು ಅವರೇ ಹೇಳಬೇಕಾಗಿತ್ತು. ಯಾವ ಗುಮಾಸ್ತೆಯ ಕೈಯಲ್ಲಿ ಆ ಗಂಟೆ ಮೀರುತ್ತದೋ ಅವರು ಮನೆಗೆ ಹೋಗಬಹುದು ಎಂದು ಅಪ್ಪಣೆ ಮಾಡಿದ್ದರು.

ಆ ಚಳಿಗಾಲದಲ್ಲಿ ಡ್ರೈ ಬ್ಲಫ್‌ನಲ್ಲಿ ಡ್ರೈವರುಗಳನ್ನು ಡ್ಯೂಟಿಗೆ ಕರೆಯುವ ಕೆಲಸಕ್ಕೆ ಹೊಸದಾಗಿ ಬಂದವಳು ಆರ್ಡಿತ್ ವೀಸ್. ಒಂಬತ್ತು ವರ್ಷ ಊಟದ ಮನೆಯಲ್ಲಿ ತಟ್ಟೆ ಹೊತ್ತವಳು. ಗಂಡ ಮೇವಿನ ಗಿರಣಿಯಲ್ಲಿ ಬೆನ್ನು ಮುರಿದುಕೊಂಡು ಮನೆಯಲ್ಲಿದ್ದ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಅರವತ್ತು ದಿನ ದಾಟಿದರೆ ಅವಳಿಗೂ ಸಂಘದ ಕಾರ್ಡು ಸಿಗುತ್ತಿತ್ತು. ಆಮೇಲೆ ವಿಚಾರಣೆಯಿಲ್ಲದೆ ಯಾರೂ ಅವಳನ್ನು ತೆಗೆಯುವಂತಿರಲಿಲ್ಲ. ಈ ಕಥೆ ಶುರುವಾಗುವ ಹೊತ್ತಿಗೆ ಐವತ್ತನಾಲ್ಕು ದಿನವಾಗಿತ್ತು.

ಐವತ್ತೈದನೇ ದಿನ, ಬಿದ್ದಲ್ಲೇ ಮಂಜುಗಡ್ಡೆಯಾಗುವ ಮಳೆ ಸುರಿಯಿತು. ಅಂದು ಡ್ರೈ ಬ್ಲಫ್‌ನ ಬೇಲಿ ಮೇಲಿಂದ ಜಾರಿದ ಬೆಕ್ಕೊಂದು ಮೂರನೇ ಮನೆಯಂಗಳದಲ್ಲಿ ಹೋಗಿ ನಿಂತಿತು, ಅದೂ ಅಲ್ಲೊಂದು ನಾಯಿ ಅಡ್ಡ ಬಂದಿದ್ದರಿಂದ. ಫೋನಿನ ತಂತಿಗಳು ಹರಿದು ಬಿದ್ದವು. ಲಾವರ್ನ್ ಹಿಂದಿನ ಸಂಜೆ ಆರೂ ಇಪ್ಪತ್ತಕ್ಕೆ ರಿಜಿಸ್ಟರಿಗೆ ಸಹಿ ಹಾಕಿದ್ದ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಹದಿನಾರು ಗಂಟೆ. ಹತ್ತು ಗಂಟೆಯಿಂದಲೇ ಅವನು ಡ್ರೈವರುಗಳು ತಂಗುತ್ತಿದ್ದ ಮಿಸೆಸ್ ಓಬರ್ಗ್ ಅವರ ವಸತಿಮನೆಯ ಪಡಸಾಲೆಯಲ್ಲಿ ಚೀಲ ಕಟ್ಟಿಕೊಂಡು, ಜೇಬಿನ ಗಡಿಯಾರವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಕೂತಿದ್ದ. ಹತ್ತೂ ಐದಾಯಿತು, ಹತ್ತೂ ಹತ್ತಾಯಿತು, ಫೋನು ಬಡಿಯಲಿಲ್ಲ. ಹತ್ತೂ ಇಪ್ಪತ್ತಾಯಿತು. ಮೂರು ವರ್ಷದಿಂದ ಯಾರಿಗೂ ಸಿಗದ ನಿಮಿಷಗಳು ಒಂದೊಂದಾಗಿ ಬಂದು ಅವನ ತೊಡೆಯ ಮೇಲೆ ಕೂರತೊಡಗಿದವು.

ಬಾಗಿಲು ತೆರೆಯಿತು. ಆರ್ಡಿತ್ ವೀಸ್ ಒಳಗೆ ಬಂದಳು, ಅಂದರೆ ಜಾರಿಕೊಂಡು ಬಂದು ಕೋಟಿನ ಗೂಟ ಹಿಡಿದು ನಿಂತಳು. ಒಂದು ಮೊಣಕಾಲಿನ ಮೇಲೆ ಉಣ್ಣೆಯ ಕಾಲುಚೀಲ ಹರಿದು ರಕ್ತ ಕಾಣುತ್ತಿತ್ತು. ಕರೆ ಸಿಕ್ಕ ಹೊತ್ತನ್ನು ಡ್ರೈವರು ಬರೆಯುವ ಕರೆಯ ಪುಸ್ತಕವನ್ನು ಮಗುವಿನ ಹಾಗೆ ಎದೆಗವಚಿಕೊಂಡಿದ್ದಳು. ಹನ್ನೊಂದೂವರೆಯ ಗಾಡಿಗೆ ನಿಮಗೆ ಕರೆ ಎಂದು ಹೇಳಿ, ಪುಸ್ತಕ ಬಿಡಿಸಿ ಮುಂದೆ ಹಿಡಿದಳು.

ಲಾವರ್ನ್ ಗಡಿಯಾರ ನೋಡಿದ. ಹತ್ತೂ ಇಪ್ಪತ್ತನಾಲ್ಕು. ನಾಲ್ಕು ನಿಮಿಷ, ಅಂದರೆ ಅರವತ್ತು ಸೆಂಟು. ಮೈಲಿ ಲೆಕ್ಕದಲ್ಲಿ ಒಂದು ಮೈಲಿಯೂ ಇಲ್ಲ. ಅವಳ ಮೊಣಕಾಲು ನೋಡಿದ.

"ಸುಳ್ಳು ಟೈಮು ಬರೆಯೋಕೆ ನನ್ನಿಂದ ಆಗಲ್ಲ ಆರ್ಡಿತ್. ಗೊತ್ತಾದ್ರೆ ಇಬ್ರಿಗೂ ಮನೆದಾರಿ."

"ಬರೀರಿ ಅಂತ ಯಾರು ಕೇಳಿದ್ರು? ಎರಡು ಸಲ ಬಿದ್ದೆ, ಬಿದ್ದವಳು ನಾನು. ಇಪ್ಪತ್ನಾಲ್ಕು ಅಂತ್ಲೇ ಬರೀರಿ. ಬೇಗ ಬರೀರಿ, ಪುಸ್ತಕ ಒದ್ದೆ ಆಗ್ತಿದೆ."

ಅವನು ಬರೆದ. ಮನೆಗೆ ವಾಪಸು ಗಾಡಿ ಓಡಿಸಿದ ನೂರ ನಲವತ್ತೆಂಟು ಮೈಲಿಯೂ ಆ ಅರವತ್ತು ಸೆಂಟು ಬೂಟಿನೊಳಗಿನ ಕಲ್ಲಿನ ಹಾಗೆ ಒತ್ತಿತು. ಅವಳು ಅತ್ತಿದ್ದರೆ, ಬೇಡಿಕೊಂಡಿದ್ದರೆ, ಒಪ್ಪಂದ ಒಪ್ಪಂದವೇ ಎಂದು ಗದರಿಸಿ ಹಗುರಾಗಬಹುದಿತ್ತು. ಹಾಳಾದವಳು ನೆಟ್ಟಗೆ ನಿಂತುಬಿಟ್ಟಿದ್ದಳು.

ಮನೆಯಲ್ಲಿ ಇರ್ಮಾ ಕೋಸು-ಮಾಂಸ ತುಂಬಿದ ಬನ್ನು ಬೇಯಿಸಿದ್ದಳು. ಎಂದೂ ಐದಕ್ಕಿಂತ ಕಡಿಮೆ ತಿನ್ನದವನು ಒಂದನ್ನು ಚಿವುಟುತ್ತ ಕೂತ. ನಡೆದದ್ದನ್ನೆಲ್ಲ ಹೇಳಿದ. ಇರ್ಮಾ ಅವನ ಒಳ್ಳೆಯ ಕೋಟನ್ನು ಗೂಟಕ್ಕೆ ಹಾಕಲು ಎತ್ತಿದವಳು ಹಾಗೆಯೇ ನಿಂತಳು. ತೋಳಿನ ಮೇಲೆ ಅಂಗೈಯಗಲ ಕಪ್ಪು ಗ್ರೀಸು.

"ಲಾವರ್ನ್, ಈ ಕೋಟು ಹಾಕ್ಕೊಳೋದು ಸಹಿ ಹಾಕಿದ ಮೇಲೆ ಅಲ್ವಾ?"

"ಹೂಂ."

"ಮತ್ತೆ ಇದು ಎಂಜಿನ್ನಿನ ಗ್ರೀಸು. ಮೂವತ್ತೆಂಟು ವರ್ಷ ಒಗೆದಿದ್ದೀನಿ, ನನಗೆ ಗೊತ್ತಾಗಲ್ವಾ?"

ಲಾವರ್ನ್‌ನ ಕೈಯಲ್ಲಿದ್ದ ಬನ್ನು ತಟ್ಟೆಗಿಳಿಯಿತು. ಆಗ ನೆನಪಾಯಿತು. ಹಿಂದಿನ ಸಂಜೆ ಡ್ರೈ ಬ್ಲಫ್‌ನಲ್ಲಿ ಸಹಿ ಹಾಕಿ, ಕೋಟು ತೊಟ್ಟು ಹೊರಗೆ ಬಂದಾಗ ಎಂಜಿನ್ನಿನ ಕಿಟಕಿ ತೆರೆದೇ ಇತ್ತು, ಮಂಜು ಒಳಗೆ ನುಗ್ಗುತ್ತಿತ್ತು. ಎಂಜಿನ್ನನ್ನು ವಹಿಸಿಕೊಳ್ಳಬೇಕಾದ ಶೆಡ್ಡಿನವನು ಬಂದಿರಲಿಲ್ಲ. ಅದು ಇಳಿಜಾರು, ಹಿಂದಿನ ವಾರವಷ್ಟೇ ಅಲ್ಲೊಂದು ವ್ಯಾಗನ್ನು ತಾನಾಗಿ ಹೊರಟುಹೋಗಿತ್ತು. ಕಾಲು ತಾನೇ ತಿರುಗಿತ್ತು. ಮೇಲೆ ಹತ್ತಿ ಕಿಟಕಿ ಮುಚ್ಚಿ, ಕೈಬ್ರೇಕಿನ ಚಕ್ರವನ್ನು ಇನ್ನೆರಡು ಸುತ್ತು ಬಿಗಿದು, ಶೆಡ್ಡಿನವನು ಬರುವ ತನಕ ಕಾದು ಇಳಿದಿದ್ದ. ಮಾಡಿದ್ದು ಮರೆತೂ ಹೋಗಿತ್ತು. ಉಸಿರಾಡಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

"ಎಷ್ಟು ಹೊತ್ತು?" ಎಂದಳು ಇರ್ಮಾ.

"ಅವನು ಬಂದಾಗ ಆರೂ ಇಪ್ಪತ್ತಾರು. ಗಡಿಯಾರ ನೋಡಿ ಅವನಿಗೆ ಬೈದೆ. ಅವನ ಚೀಟೀಲಿ ಇರುತ್ತೆ."

ಇರ್ಮಾ ಬೆರಳು ಮಡಿಸಿದಳು. ಡ್ಯೂಟಿ ನಿಜವಾಗಿ ಮುಗಿದದ್ದು ಆರೂ ಇಪ್ಪತ್ತಾರಕ್ಕಾದರೆ ಹದಿನಾರು ಗಂಟೆ ತುಂಬುವುದು ಹತ್ತೂ ಇಪ್ಪತ್ತಾರಕ್ಕೆ. ಆರ್ಡಿತ್ ತಡವಾಗಿ ಬಂದಿರಲಿಲ್ಲ. ಎರಡು ನಿಮಿಷ ಮೊದಲೇ ಬಂದಿದ್ದಳು.

ಲಾವರ್ನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇದನ್ನು ಬರೆದುಕೊಟ್ಟರೆ ಆ ಹೆಂಗಸಿನ ಕೆಲಸ ಉಳಿಯುತ್ತದೆ. ಆದರೆ ತಾನು ಒಳ್ಳೆಯ ಕೋಟಿನಲ್ಲಿ ಕಂಪನಿಗೆ ಆರು ನಿಮಿಷ ಪುಕ್ಕಟೆ ದುಡಿದೆ ಎಂದೂ ತನ್ನ ಕೈಯಾರೆ ಬರೆದಂತಾಗುತ್ತದೆ. ಎರಡು ದಿನ ಅವನು ಇದನ್ನು ನುಂಗಿಕೊಂಡು ತಿರುಗಿದ. ಮೂರನೇ ದಿನ ಸುದ್ದಿ ಬಂತು: ಸೋಮವಾರ ಆರ್ಡಿತ್ ವೀಸ್ ಸಾಹೇಬರ ಮುಂದೆ ಹಾಜರಾಗಬೇಕು, ಬರುವಾಗ ಕಚೇರಿಯ ಬೀಗದಕೈ ತರಬೇಕು.

ಅವನು ನೇರ ಸಂಘದ ಅಧ್ಯಕ್ಷ ಮಿಲೋ ಕ್ರಾಟ್ಕಿಯ ಬಳಿಗೆ ಹೋಗಿ ಎಲ್ಲ ಹೇಳಿದ. ಮಿಲೋ ಕಾಫಿ ಲೋಟ ಕೆಳಗಿಟ್ಟು, ಬಾಗಿಲು ಹಾಕಿ ಬಂದು ಕೂತ.

"ಮಾರಾಯ, ಹೊಸದಾಗಿ ಸೇರೋರಿಗೆಲ್ಲ ನಿನ್ನನ್ನೇ ತೋರಿಸ್ತಿದ್ದೆ ಕಣೋ. ಸ್ಟೆಹ್ಲಿಕ್‌ನ ನೋಡಿ ಕಲೀರಿ ಅಂತ. ಈಗ ಏನಂತ ಹೇಳ್ಲಿ? ಕಳ್ಳತನ ಮಾಡಿದ್ದೆ ಅಂದಿದ್ರೂ ಸಂಘ ಹೆಂಗೋ ತಡ್ಕೊಳ್ತಿತ್ತು."

"ಸಂಬಳದ ಚೀಟಿ ತಿದ್ದೋಕೆ ಎಷ್ಟು ದಿನ ಅವಕಾಶ ಇದೆ, ಅದು ಹೇಳು."

ಹತ್ತು ದಿನ ಅವಕಾಶವಿತ್ತು. ಲಾವರ್ನ್ ಅಲ್ಲಿಯೇ ಕೂತು ತಿದ್ದುಪಡಿ ಚೀಟಿ ಬರೆದ: ಡ್ಯೂಟಿ ಮುಗಿದದ್ದು ಆರೂ ಇಪ್ಪತ್ತಾರಕ್ಕೆ, ಕಾರಣ ಇಂಥದ್ದು, ಸಾಕ್ಷಿ ಶೆಡ್ಡಿನ ಚೀಟಿ. ಹದಿನಾರು ಗಂಟೆ ಮೀರಿದ್ದಕ್ಕೆ ಕೇಳಿದ್ದ ಅರವತ್ತು ಸೆಂಟಿನ ಮೇಲೆ ಗೀಟೆಳೆದ. ಹೆಚ್ಚಿನ ಆರು ನಿಮಿಷಕ್ಕೆ ಹಣ ಕೇಳುವ ಖಾನೆಗೆ ಬಂದಾಗ ಪೆನ್ಸಿಲು ನಿಂತಿತು. ಕೇಳಿದರೆ ನ್ಯಾಯವಾಗಿ ತೊಂಬತ್ತು ಸೆಂಟು. ಆದರೆ ದುಡ್ಡಿಗಾಗಿ ಕಥೆ ಕಟ್ಟಿದ ಎಂದು ಸಾಹೇಬರು ಒಂದು ಮಾತು ಅಂದರೆ ಆರ್ಡಿತ್‌ಳ ಕೆಲಸಕ್ಕೆ ಸಂಚಕಾರ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಆ ಖಾನೆಯಲ್ಲಿ ಸೊನ್ನೆ ಬರೆದ. ಮಿಲೋ ಟೋಪಿ ತೆಗೆದು ಎದೆಗೆ ಹಿಡಿದುಕೊಂಡನಂತೆ.

ಫೆನ್ನರ್ ಸಾಹೇಬರು ಆ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು, ತಲೆಕೆಳಗು ಮಾಡಿ ನೋಡಿದರು. ಸ್ಟೆಹ್ಲಿಕ್ ಸೊನ್ನೆ ಬರೆದಿದ್ದಾನೆಂದರೆ ಇದರಲ್ಲಿ ದೊಡ್ಡ ಮಸಲತ್ತೇ ಇರಬೇಕು. ಅನುಮಾನದಲ್ಲಿ ಅವರು ಕಿಟಕಿಯ ಪದ್ಧತಿಯನ್ನೂ ಮರೆತರು. ಸೋಮವಾರ ಹತ್ತು ಗಂಟೆಗೆ ಕಚೇರಿಗೆ ಬಂದು ವಿಚಾರಣೆ ಎದುರಿಸತಕ್ಕದ್ದು ಎಂದು ಟೈಪು ಮಾಡಿಸಿ, ಸಹಿ ಹಾಕಿ ಕಳಿಸಿದರು.

ಸೋಮವಾರ ಲಾವರ್ನ್ ಒಳ್ಳೆಯ ಕೋಟು ತೊಟ್ಟು ಹೋದ, ಗ್ರೀಸಿನ ಕಲೆ ಸಮೇತ. ಆರ್ಡಿತ್ ಬೀಗದಕೈಯನ್ನು ಮೇಜಿನ ತುದಿಯಲ್ಲಿಟ್ಟು ಗೋಡೆಗಂಟಿ ಕೂತಿದ್ದಳು. ಸಾಹೇಬರು ಶೆಡ್ಡಿನ ಚೀಟಿ ತರಿಸಿದರು. ಆರೂ ಇಪ್ಪತ್ತಾರು ಎಂದೇ ಇತ್ತು. ಪಕ್ಕದಲ್ಲಿ ‘ಸ್ಟೆಹ್ಲಿಕ್ ಬೈದ’ ಎಂದೂ ಇತ್ತು. ಮೊದಲೇ ಕರೆಸಿ ಹೊರಗೆ ಕೂರಿಸಿದ್ದ ಶೆಡ್ಡಿನವನನ್ನು ಕೇಳಿದರು. ಬೈದ ಮಾತುಗಳನ್ನು ಅವನು ಅನುಕ್ರಮವಾಗಿ ಒಪ್ಪಿಸಿದ. ಲಾವರ್ನ್‌ನ ತೋಳನ್ನೂ ಮೂಸಿ ನೋಡಿದರು. ಇನ್ನೇನೂ ಹುಡುಕಲು ಉಳಿಯದೆ, ತಪ್ಪು ಯಾರದ್ದೂ ಇಲ್ಲ ಎಂದು ಬರೆದು ಸಹಿ ಹಾಕಿ, ಬೀಗದಕೈಯನ್ನು ಆರ್ಡಿತ್‌ಳ ಕಡೆಗೆ ತಳ್ಳಿದರು. ಅವಳು ಅದನ್ನು ಎತ್ತಿಕೊಂಡು ಜೇಬಿಗೆ ಹಾಕಿ, ಜೇಬಿನ ಮೇಲೆ ಕೈಯಿಟ್ಟುಕೊಂಡಳು. ನಾಲ್ಕು ದಿನದ ಹಿಂದೆಯೇ ಹೋಗಬೇಕಾಗಿದ್ದ ಕೆಲಸ ಅವಳದು. ಈಗ ಅರವತ್ತಕ್ಕೆ ಒಂದೇ ದಿನ ಬಾಕಿ.

ಅಷ್ಟು ಹೊತ್ತಿಗೆ ಸಾಹೇಬರಿಗೆ ತಮ್ಮ ಫಲಕ ಉಳಿಯಿತೆಂಬುದು ಹೊಳೆಯಿತು, ಮುಖ ಅರಳಿತು. ಅದಕ್ಕಿಂತ ದೊಡ್ಡದೊಂದು ಹೊಳೆದು ಇನ್ನೂ ಅರಳಿತು. ಅವರು ಕುರ್ಚಿಗೆ ಒರಗಿ, ಲಾವರ್ನ್‌ನ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದರು.

"ಸ್ಟೆಹ್ಲಿಕ್, ನಮಗೆ ಒಂದು ನಿಮಿಷಾನೂ ಪುಕ್ಕಟೆ ಕೊಟ್ಟಿಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೆ. ಈಗ ನಿನ್ನ ಕೈಬರಹದಲ್ಲೇ ಆರು ನಿಮಿಷ, ಮುಂದೆ ಸೊನ್ನೆ. ಇದಕ್ಕೆ ಕಟ್ಟು ಹಾಕ್ಸಿ ಫಲಕದ ಪಕ್ಕದಲ್ಲೇ ತೂಗುಹಾಕ್ತೀನಿ. ಏನಾದ್ರೂ ಹೇಳೋದಿದ್ಯಾ?"

ಲಾವರ್ನ್ ಗಡಿಯಾರ ತೆಗೆದು ನೋಡಿದ. ಒಳಜೇಬಿನಿಂದ ಸಾಹೇಬರೇ ಸಹಿ ಹಾಕಿ ಕಳಿಸಿದ್ದ ಟೈಪು ಮಾಡಿದ ಕಾಗದ ತೆಗೆದು, ತಪ್ಪಿಲ್ಲವೆಂದು ಅವರು ಈಗಷ್ಟೇ ಸಹಿ ಹಾಕಿದ್ದ ಹಾಳೆಯ ಪಕ್ಕಕ್ಕೆ ಅಂಚಿಗೆ ಅಂಚು ಸೇರಿಸಿ ಇಟ್ಟ. ಮೇಲೆ ಹೊಸದೊಂದು ಖಾಲಿ ಸಂಬಳದ ಚೀಟಿ ಇಟ್ಟು, ಪೆನ್ಸಿಲಿನ ತುದಿ ನೆಕ್ಕಿದ.

"ಕುರ್ಚಿ ಬಲು ಚೆನ್ನಾಗಿ ಓಡುತ್ತೆ ಸಾಹೇಬ್ರೆ. ಇಪ್ಪತ್ತೇ ನಿಮಿಷದಲ್ಲಿ ನೂರು ಮೈಲಿ."